ಲ್ಯಾಬಿನ ನೀಲಿ ಬಣ್ಣ ಮತ್ತು ನಮ್ಮ ಹೆಣ್ಣುಮಕ್ಕಳು

ಪ್ರತಿವರ್ಷ ಪಿಯುಸಿ ಫಲಿತಾಂಶ ಬಂದ ವಾರ ನನಗೆ ಊರಿನಿಂದ ಫೋನುಗಳು ಬರುತ್ತವೆ. ಉಳ್ಳಾಲದಿಂದ, ಬಂಟ್ವಾಳದಿಂದ, ಕೆಲವೊಮ್ಮೆ ಮಂಜೇಶ್ವರದಿಂದ. "ಮಗಳು ಮೈಕ್ರೋಬಯಾಲಜಿ ಬೇಕು ಎನ್ನುತ್ತಾಳೆ. ಸೇರಿಸಬಹುದಾ? ಲ್ಯಾಬಲ್ಲಿ ಕೆಮಿಕಲ್ ಎಲ್ಲ ಉಂಟಂತಲ್ಲ?" ಕೇಳುವುದು ಹೆಚ್ಚಾಗಿ ಉಮ್ಮಂದಿರೇ. ಈ ಪ್ರಶ್ನೆಯ ಹಿಂದೆ ಇನ್ನೊಂದು ಪ್ರಶ್ನೆ ಇರುತ್ತದೆ. ನಾಳೆ ಮದುವೆಯಾಗಬೇಕಾದ, ಮಕ್ಕಳನ್ನು ಹೆರಬೇಕಾದ ಹುಡುಗಿಗೆ ಅಲ್ಲಿ ಏನಾದರೂ ಆದರೆ? ಅದನ್ನು ಬಾಯಿಬಿಟ್ಟು ಕೇಳುವವರು ಕಡಿಮೆ. ಮನಸ್ಸಿನಲ್ಲಿ ಇಲ್ಲದವರೂ ಕಡಿಮೆ.

ಇದು ದಡ್ಡ ಪ್ರಶ್ನೆಯಲ್ಲ. "ಏನೂ ಆಗುವುದಿಲ್ಲ, ಕಳಿಸಿ" ಎಂದರೆ ನಾನು ಸುಳ್ಳು ಹೇಳಿದ ಹಾಗೆ. "ಬೇಡ, ಬಿ.ಕಾಂ. ಮಾಡಿಸಿ" ಎಂದರೆ ಒಂದು ಹುಡುಗಿಯ ಆಸೆಯನ್ನು ಸುಮ್ಮನೆ ಮುರಿದ ಹಾಗೆ. ಕೆಮಿಕಲ್ ಅನ್ನುವುದು ಒಂದೇ ವಸ್ತುವಿನ ಹೆಸರಲ್ಲ. ಯಾವುದು, ಯಾತಕ್ಕೆ, ಅದರ ಬದಲಿಗೆ ಬೇರೆ ದಾರಿ ಉಂಟಾ, ಬಳಸಿದ ನೀರು ಎಲ್ಲಿಗೆ ಹೋಗುತ್ತದೆ ಎಂದು ಒಂದೊಂದಾಗಿ ಕೇಳಬೇಕು. ಫೋನಿನಲ್ಲಿ ಇಷ್ಟೆಲ್ಲ ಹೇಳಲು ಆಗುವುದಿಲ್ಲ. ಹಾಗಾಗಿ ಇಲ್ಲಿ ಬರೆಯುತ್ತಿದ್ದೇನೆ.

ನನಗೆ ಇದನ್ನು ಸರಿಯಾಗಿ ಕಲಿಸಿದ್ದು ಮಂಗಳೂರಿನ ದೊಡ್ಡ ಲ್ಯಾಬುಗಳಲ್ಲ. ತೆಲಂಗಾಣದ ಮರಿಕಲ್ ಕಡೆಯ ಒಂದು ಸಣ್ಣ ಕಾಲೇಜು. ನನ್ನವರಿಗೆ ಬ್ಯಾಂಕಿನ ವರ್ಗಾವಣೆ ಆಗಿ ನಾವು ಆ ಕಡೆಗೆ ಹೋದೆವು. ಮಹಬೂಬನಗರದಿಂದ ರಾಯಚೂರಿಗೆ ಹೋಗುವ ಹೆದ್ದಾರಿಯಲ್ಲಿ ಮಕ್ತಲ್‌ಗಿಂತ ಮೊದಲು ಸಿಗುವ ಊರು ಅದು. 2019ರಿಂದ ನಾರಾಯಣಪೇಟೆ ಜಿಲ್ಲೆಗೆ ಸೇರಿದೆ. ಆ ಸೀಮೆಯಲ್ಲಿ ಗಡಿ ಎನ್ನುವುದು ನಕ್ಷೆಯಲ್ಲಿ ಮಾತ್ರ. ಗದ್ವಾಲವಂತೂ 1956ರವರೆಗೆ ರಾಯಚೂರು ಜಿಲ್ಲೆಯಲ್ಲೇ ಇತ್ತು. ಸಂತೆಯಲ್ಲಿ ತೆಲುಗು, ಕನ್ನಡ, ಉರ್ದು ಮೂರೂ ಕಿವಿಗೆ ಬೀಳುತ್ತವೆ. ಮನೆಯಲ್ಲಿ ಬ್ಯಾರಿ, ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ತುಳು ಮಾತಾಡಿ ಬೆಳೆದ ನನಗೆ ಅದೊಂದು ಹೊಸತಾಗಿ ಕಾಣಲಿಲ್ಲ. ಹೊಸತಾಗಿ ಕಂಡದ್ದು ಬಿಸಿಲು. ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಬಿಸಿಲು, ಅದರ ಮಧ್ಯೆ ಹೋಗಿ ಬರುವ ಕರೆಂಟು.

ಕಾಲೇಜಿನ ಲ್ಯಾಬಿನಲ್ಲಿ ಒಂದು ಸೆಂಟ್ರಿಫ್ಯೂಜ್, ಒಂದು ಫ್ರಿಜ್, ಜೆಲ್ ಓಡಿಸುವ ಒಂದು ಸಣ್ಣ ಪೆಟ್ಟಿಗೆ ಇತ್ತು. ಸೋನಿಕೇಟರ್ ಇರಲಿಲ್ಲ. ಇದು ಯಾಕೆ ಮುಖ್ಯ ಎಂದು ಹೇಳುತ್ತೇನೆ.

ಬ್ಯಾಕ್ಟೀರಿಯಾದ ಒಳಗೆ ಸಾವಿರಾರು ಬಗೆಯ ಪ್ರೋಟೀನುಗಳಿವೆ. ಇವತ್ತು ಸಕ್ಕರೆ ಕಾಯಿಲೆಯವರು ಚುಚ್ಚಿಕೊಳ್ಳುವ ಇನ್ಸುಲಿನ್ ಕೂಡ ಬ್ಯಾಕ್ಟೀರಿಯಾದಲ್ಲೋ ಯೀಸ್ಟಿನಲ್ಲೋ ತಯಾರಾಗುವ ಪ್ರೋಟೀನೇ. ಒಳಗಿರುವುದನ್ನು ಹೊರಗೆ ತೆಗೆಯಬೇಕಾದರೆ ಮೊದಲು ಗೋಡೆ ಒಡೆಯಬೇಕು. ಸೋನಿಕೇಟರ್ ಎಂದರೆ ಕಿವಿಗೆ ಕೇಳದಷ್ಟು ತೀವ್ರವಾದ ಶಬ್ದದ ಕಂಪನದಿಂದ ಜೀವಕೋಶವನ್ನು ನುಚ್ಚುನೂರು ಮಾಡುವ ಯಂತ್ರ. ಬೇಗ ಕೆಲಸ ಮುಗಿಯುತ್ತದೆ. ಆದರೆ ಅದು ಬಿಸಿ ಹುಟ್ಟಿಸುತ್ತದೆ, ನೊರೆ ಎಬ್ಬಿಸುತ್ತದೆ. ಬಿಸಿ ತಾಗಿದ ಪ್ರೋಟೀನಿಗೆ ಏನಾಗುತ್ತದೆ ಎಂದು ಅಡುಗೆಮನೆಯಲ್ಲಿ ಎಲ್ಲರೂ ನೋಡಿದ್ದೇವೆ. ಬಾಣಲೆಗೆ ಬಿದ್ದ ಮೊಟ್ಟೆಯ ಬಿಳಿಭಾಗ ಮತ್ತೆ ನೀರಾಗುವುದಿಲ್ಲ. ಕೋಶ ಒಡೆಯಿತು, ಆದರೆ ಒಳಗಿನ ಪ್ರೋಟೀನು ಕೆಲಸಕ್ಕೆ ಬಾರದ ಹಾಗಾಯಿತು ಎಂದರೆ ಒಡೆದು ಏನು ಲಾಭ?

ಯಂತ್ರ ಇಲ್ಲದ ಕಾರಣ ನಾವು ಮೆಲ್ಲಗೆ ಒಡೆಯುವ ದಾರಿ ಹಿಡಿದೆವು. ಆ ದಾರಿಯೂ ಮೊಟ್ಟೆಯಿಂದಲೇ ಶುರುವಾಗುತ್ತದೆ. ಕೋಳಿಮೊಟ್ಟೆಯ ಬಿಳಿಯಲ್ಲಿ ಲೈಸೋಜೈಮ್ ಎಂಬ ಕಿಣ್ವ ಉಂಟು. ನಮ್ಮ ಕಣ್ಣೀರಿನಲ್ಲಿ, ಎಂಜಲಿನಲ್ಲಿ, ತಾಯಿಯ ಎದೆಹಾಲಿನಲ್ಲಿಯೂ ಉಂಟು. ಪೆನ್ಸಿಲಿನ್ ಕಂಡುಹಿಡಿದ ಅಲೆಕ್ಸಾಂಡರ್ ಫ್ಲೆಮಿಂಗ್ ಅದಕ್ಕೂ ಆರು ವರ್ಷ ಮೊದಲು, 1922ರಲ್ಲಿ, ಇದನ್ನು ಪ್ರಕಟಿಸಿದರು. ಅವರಿಗೆ ಅದರ ಸುಳಿವು ಸಿಕ್ಕಿದ್ದು ಶೀತವಾದವರ ಮೂಗಿನ ಸಿಂಬಳದಲ್ಲಿ. ಬ್ಯಾಕ್ಟೀರಿಯಾದ ಗೋಡೆ ಒಂದು ಬಲೆಯ ಹಾಗೆ ಹೆಣೆದಿರುತ್ತದೆ. ಲೈಸೋಜೈಮ್ ಆ ಬಲೆಯ ಎಳೆಗಳನ್ನು ಮಾತ್ರ ಕತ್ತರಿಸುತ್ತದೆ, ಒಳಗಿನ ಪ್ರೋಟೀನನ್ನು ಮುಟ್ಟುವುದಿಲ್ಲ. ಗೋಡೆ ಸಡಿಲವಾದ ಮೇಲೆ ಕೋಶ ತಾನಾಗಿಯೇ ನೀರು ಹೀರಿ ಬಿರಿಯುತ್ತದೆ.

ಕಾಸರಗೋಡಿನ ಆಚೆ ಮಾಪ್ಪಿಳ ಮನೆಗಳಲ್ಲಿ ಮುಟ್ಟಮಾಲ ಮಾಡುವುದು ನಮ್ಮಲ್ಲಿ ಅನೇಕರಿಗೆ ಗೊತ್ತು. ಹಳದಿಯನ್ನು ಸಕ್ಕರೆ ಪಾಕದಲ್ಲಿ ಎಳೆ ಎಳೆಯಾಗಿ ಬಿಟ್ಟ ಮೇಲೆ ಬಿಳಿ ಅಷ್ಟೂ ಉಳಿಯುತ್ತದೆ. ಆ ಉಳಿದ ಬಿಳಿಯಲ್ಲಿರುವ ಪ್ರೋಟೀನಿನಲ್ಲಿ ಶೇಕಡಾ ಮೂರರಿಂದ ನಾಲ್ಕರಷ್ಟು ಈ ಲೈಸೋಜೈಮ್. ಲ್ಯಾಬಿಗೆ ಇದನ್ನೇ ಶುದ್ಧ ಮಾಡಿದ ಪುಡಿ ಬರುತ್ತದೆ. ಸೋನಿಕೇಟರಿನ ಬೆಲೆಗೆ ಹೋಲಿಸಿದರೆ ಅದರ ಖರ್ಚು ಏನೂ ಅಲ್ಲ.

ನಾವು ಆರಿಸಿದ್ದು ಬ್ಯಾಸಿಲಸ್ ಸಬ್ಟಿಲಿಸ್ ಎಂಬ ಮಣ್ಣಿನ ಬ್ಯಾಕ್ಟೀರಿಯಾ. ಆರೋಗ್ಯವಂತರಿಗೆ ರೋಗ ತರುವಂಥದ್ದಲ್ಲ. ಅದರ ಗೋಡೆ ಹೊರಕ್ಕೇ ಇರುವುದರಿಂದ ಲೈಸೋಜೈಮ್‌ಗೆ ಸುಲಭವಾಗಿ ಸಿಗುತ್ತದೆ. ಇ. ಕೋಲಿಯಂಥವಕ್ಕೆ ಗೋಡೆಯ ಹೊರಗೆ ಇನ್ನೊಂದು ಪೊರೆ ಇರುತ್ತದೆ. ಅದನ್ನು ಸಡಿಲಿಸಲು ಇಡಿಟಿಎ ಎಂಬ ಲವಣವನ್ನೂ ಸೇರಿಸಬೇಕಾಗುತ್ತದೆ. ಹೊಸದಾಗಿ ಬೆಳೆಸಿದ ಬ್ಯಾಕ್ಟೀರಿಯಾವನ್ನು ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿ ತಳಕ್ಕೆ ಇಳಿಸಿ, ತಣ್ಣನೆಯ ಬಫರಿನಲ್ಲಿ ಕದಡಿ, ಲೈಸೋಜೈಮ್ ಹಾಕಿ ಅರ್ಧ ಗಂಟೆ ಬಿಡುವುದು. ಆಮೇಲೆ ಎರಡು ಮೂರು ಸಲ ಗಟ್ಟಿ ಮಾಡಿ ಕರಗಿಸುವುದು. ನೀರು ಮಂಜುಗಡ್ಡೆ ಆಗುವಾಗ ಅದರ ಹರಳುಗಳು ಸಡಿಲವಾದ ಕೋಶವನ್ನು ಪೂರ್ತಿ ಬಿಡಿಸುತ್ತವೆ. ದೊಡ್ಡ ಲ್ಯಾಬಿನಲ್ಲಿ ಇದಕ್ಕೆ ದ್ರವ ಸಾರಜನಕ ಇರುತ್ತದೆ. ನಾವು ಪುಡಿಮಾಡಿದ ಐಸಿಗೆ ಕಲ್ಲುಪ್ಪು ಬೆರೆಸಿದೆವು. ಕುಲ್ಫಿ ಗಾಡಿಯವರು ಮಾಡುವುದೂ ಅದನ್ನೇ. ಉಪ್ಪು ಬಿದ್ದ ಐಸು ಸೊನ್ನೆ ಡಿಗ್ರಿಗಿಂತ ಎಷ್ಟೋ ಕೆಳಗೆ ಇಳಿಯುತ್ತದೆ.

ಕೋಶ ಬಿರಿದಾಗ ಟ್ಯೂಬಿನಲ್ಲಿರುವುದು ಲೋಳೆ ಲೋಳೆಯಾಗುತ್ತದೆ. ಅದು ಹೊರಬಂದ ಡಿಎನ್‌ಎ. ಮೊದಲ ಸಲ ನೋಡಿದ ಹುಡುಗಿಯರು ಕೆಟ್ಟುಹೋಯಿತು ಎಂದುಕೊಳ್ಳುತ್ತಾರೆ. ನಿಜವಾಗಿ ಅದು ಗೋಡೆ ಒಡೆದದ್ದಕ್ಕೆ ಗುರುತು. ಮತ್ತೆ ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿದರೆ ಕಸ ತಳಕ್ಕೆ ಹೋಗಿ ಪ್ರೋಟೀನು ಇರುವ ತಿಳಿ ಮೇಲೆ ನಿಲ್ಲುತ್ತದೆ.

ಅದು ಇನ್ನೂ ಕೆಲಸ ಮಾಡುತ್ತದೆಯಾ ಎಂದು ನೋಡುವುದೂ ಸುಲಭ. ಆ ತಿಳಿಯ ಒಂದು ಹನಿಯ ಮೇಲೆ ಔಷಧದಂಗಡಿಯ ಹೈಡ್ರೋಜನ್ ಪೆರಾಕ್ಸೈಡ್ ಬಿಟ್ಟರೆ ಗುಳ್ಳೆ ಏಳುತ್ತದೆ. ಬ್ಯಾಕ್ಟೀರಿಯಾದ ಒಳಗಿನ ಕೆಟಲೇಸ್ ಎಂಬ ಕಿಣ್ವ ಅದನ್ನು ನೀರು ಮತ್ತು ಆಮ್ಲಜನಕವಾಗಿ ಒಡೆಯುತ್ತದೆ. ಅದೇ ತಿಳಿಯನ್ನು ಕುದಿಸಿ ಮಾಡಿದರೆ ಗುಳ್ಳೆ ಬರುವುದಿಲ್ಲ. ಎರಡು ಟ್ಯೂಬು ಪಕ್ಕಪಕ್ಕ ಇಟ್ಟು ತೋರಿಸಿದರೆ ಮೆಲ್ಲಗೆ ಒಡೆಯುವುದು ಯಾಕೆ ಎಂದು ಮತ್ತೆ ಭಾಷಣ ಮಾಡಬೇಕಾಗಿಲ್ಲ.

ಇಷ್ಟರವರೆಗೆ ಬಳಸಿದ್ದರಲ್ಲಿ ಉಮ್ಮಂದಿರು ಹೆದರಬೇಕಾದದ್ದು ಏನೂ ಇಲ್ಲ. ಹೆದರಬೇಕಾದದ್ದು ಮುಂದೆ, ಜೆಲ್‌ನಲ್ಲಿ ಉಂಟು.

ತೆಗೆದ ಪ್ರೋಟೀನುಗಳನ್ನು ಗಾತ್ರದ ಪ್ರಕಾರ ಬೇರೆ ಮಾಡಲು ಅವುಗಳನ್ನು ಜೆಲ್ಲಿಯಂಥ ಒಂದು ತೆಳು ಹಾಳೆಯಲ್ಲಿ ವಿದ್ಯುತ್ತಿನಿಂದ ಓಡಿಸುತ್ತಾರೆ. ಸಣ್ಣವು ಬೇಗ ಓಡುತ್ತವೆ, ದೊಡ್ಡವು ಹಿಂದೆ ಉಳಿಯುತ್ತವೆ. ಇವತ್ತು ಎಲ್ಲ ಕಾಲೇಜಿನಲ್ಲಿ ಮಾಡುವ ವಿಧಾನ ಲೆಮ್ಲಿ ಎಂಬ ವಿಜ್ಞಾನಿ 1970ರಲ್ಲಿ ಪ್ರಕಟಿಸಿದ್ದು. ಇಲ್ಲಿ ಪ್ರೋಟೀನನ್ನು ಬೇಕೆಂದೇ ಕುದಿಸಿ, ಶಾಂಪೂವಿನಲ್ಲಿ ಇರುವ ಜಾತಿಯ ಒಂದು ಸಾಬೂನು ಹಾಕಿ ಬಿಚ್ಚುತ್ತಾರೆ. ಹಾಗಾಗಿ ತಿಳಿಯನ್ನು ಎರಡು ಪಾಲು ಮಾಡಿ, ಗುಳ್ಳೆ ಪರೀಕ್ಷೆಗೆ ಒಂದು, ಜೆಲ್‌ಗೆ ಒಂದು ಎಂದು ಇಟ್ಟುಕೊಳ್ಳಬೇಕು.

ಈ ಜೆಲ್ ಆಗುವುದು ಅಕ್ರಿಲಮೈಡ್‌ನಿಂದ. ಗಟ್ಟಿಯಾದ ಮೇಲೆ ಅದರಿಂದ ಹೆಚ್ಚು ಅಪಾಯ ಇಲ್ಲ. ಗಟ್ಟಿಯಾಗುವ ಮೊದಲು ಅದು ನರಗಳಿಗೆ ವಿಷ, ಚರ್ಮದ ಮೂಲಕ ಒಳಗೆ ಹೋಗುತ್ತದೆ. ಕ್ಯಾನ್ಸರ್ ತರುವ ಸಂಶಯ ಇರುವ ವಸ್ತುಗಳ ಪಟ್ಟಿಯಲ್ಲಿಯೂ ಇದೆ. ಪುಡಿ ತೂಗುವಾಗ ಗಾಳಿಗೆ ಹಾರುವುದು ಎಲ್ಲಕ್ಕಿಂತ ಕೆಟ್ಟದ್ದು. ಇದಕ್ಕೆ ಎರಡು ಉಪಾಯ. ಪುಡಿಯ ಬದಲು ಕರಗಿಸಿಯೇ ಬರುವ ದ್ರಾವಣ ತರಿಸುವುದು ಒಂದು, ಎರಕ ಹೊಯ್ದೇ ಬರುವ ಜೆಲ್ ತರಿಸುವುದು ಇನ್ನೊಂದು. ಎರಡನೆಯದು ದುಬಾರಿ. ನಾವು ಮೊದಲನೆಯದನ್ನು ಹಿಡಿದೆವು. ನೈಟ್ರೈಲ್ ಗ್ಲೌಸ್ ಇಲ್ಲದೆ ಯಾರೂ ಮುಟ್ಟುವಂತಿಲ್ಲ ಎಂದು ನಿಯಮ ಮಾಡಿದೆವು.

ಓಡಿದ ಪ್ರೋಟೀನು ಕಣ್ಣಿಗೆ ಕಾಣುವುದಿಲ್ಲ. ಬಣ್ಣ ಹಚ್ಚಬೇಕು. ಆ ಬಣ್ಣದ ಹೆಸರು ಕೂಮಾಸಿ ನೀಲಿ. ಕೂಮಾಸಿ ಎಂದರೆ ಇವತ್ತಿನ ಘಾನಾ ದೇಶದ ಕುಮಾಸಿ ನಗರ, ಅಶಾಂತಿ ರಾಜ್ಯದ ರಾಜಧಾನಿ. ಬ್ರಿಟಿಷರು 1896ರಲ್ಲಿ ಅದನ್ನು ವಶಪಡಿಸಿಕೊಂಡ ಕಾಲದಲ್ಲಿ ಆ ಹೆಸರು ಇಂಗ್ಲೆಂಡಿನ ಉಣ್ಣೆಯ ಬಣ್ಣಗಳಿಗೆ ಬಂತು. ಅಂದರೆ ಇದು ಮೂಲದಲ್ಲಿ ಬಟ್ಟೆಯ ಬಣ್ಣ. 1963ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ಇದನ್ನು ಪ್ರೋಟೀನಿಗೆ ಹಚ್ಚಿದರು. ಉಣ್ಣೆ, ರೇಷ್ಮೆ ಎಲ್ಲ ಪ್ರೋಟೀನೇ ಆದ ಕಾರಣ ಆ ಬಣ್ಣಕ್ಕೆ ಇದು ಹೊಸ ಕೆಲಸವೇನೂ ಆಗಿರಲಿಲ್ಲ.

ನಾನಿದ್ದ ಸೀಮೆ ನೇಕಾರರದ್ದು. ನಾರಾಯಣಪೇಟೆಯ ಸೀರೆ, ಗದ್ವಾಲದ ಸೀರೆ ಎಂದರೆ ನಮ್ಮ ಕಡೆಯ ಅಂಗಡಿಗಳಲ್ಲೂ ಹೆಸರು. ಗದ್ವಾಲ ಸೀರೆಯ ಮೈ ಹತ್ತಿ, ಅಂಚು ಮತ್ತು ಸೆರಗು ರೇಷ್ಮೆ. ನೇಕಾರರ ಮನೆಯ ಒಬ್ಬಳು ಹುಡುಗಿ ತರಗತಿಗೆ ಎರಡೂ ಬಗೆಯ ನೂಲಿನ ತುಂಡು ತಂದಿದ್ದಳು. ಎರಡನ್ನೂ ಹುಳಿ ಬೆರೆತ ಕೂಮಾಸಿಯಲ್ಲಿ ಅದ್ದಿ ತೊಳೆದೆವು. ರೇಷ್ಮೆ ನೀಲಿಯಾಗಿಯೇ ಉಳಿಯಿತು. ಹತ್ತಿಯಿಂದ ಬಣ್ಣ ಬಹುಪಾಲು ಇಳಿದುಹೋಯಿತು. ಜೆಲ್‌ನಲ್ಲಿ ಆಗುವುದೂ ಇಷ್ಟೇ. ಪ್ರೋಟೀನು ಇರುವಲ್ಲಿ ನೀಲಿ ನಿಲ್ಲುತ್ತದೆ, ಇಲ್ಲದಲ್ಲಿ ತೊಳೆದುಹೋಗುತ್ತದೆ. ನಮ್ಮ ಚರ್ಮವೂ ಪ್ರೋಟೀನೇ. ಗ್ಲೌಸ್ ಹಾಕದಿದ್ದರೆ ಬೆರಳು ಎರಡು ದಿನ ನೀಲಿ.

ತೊಂದರೆ ಬಣ್ಣದ್ದಲ್ಲ, ಅದನ್ನು ಕರಗಿಸುವ ದ್ರವದ್ದು. ಪ್ರಾಕ್ಟಿಕಲ್ ಪುಸ್ತಕದಲ್ಲಿ ಹಳೆಯ ಕ್ರಮ ಹೀಗಿದೆ: ಸುಮಾರು ಅರ್ಧ ಭಾಗ ಮೆಥನಾಲ್, ಹತ್ತನೆಯ ಒಂದು ಭಾಗ ಅಸಿಟಿಕ್ ಆಸಿಡ್, ಉಳಿದದ್ದು ನೀರು. ಬಣ್ಣ ಹಚ್ಚಲೂ ಅದೇ, ಬಣ್ಣ ಇಳಿಸಲೂ ಅದೇ. ಮೆಥನಾಲ್ ಎಂದರೆ ಕಳ್ಳಭಟ್ಟಿ ದುರಂತಗಳಲ್ಲಿ ಜನರ ಕಣ್ಣು ಮತ್ತು ಜೀವ ತೆಗೆಯುವ ವಿಷ. 1981ರಲ್ಲಿ ಬೆಂಗಳೂರಿನಲ್ಲಿ 300ಕ್ಕೂ ಹೆಚ್ಚು ಜನ ಸತ್ತದ್ದು ಅದರಿಂದಲೇ. ಕುಡಿದರೆ ಮಾತ್ರ ಅಪಾಯ ಎಂದಲ್ಲ. ಆವಿಯನ್ನು ಉಸಿರಾಡಿದರೂ, ಚರ್ಮಕ್ಕೆ ತಾಗಿದರೂ ಒಳಗೆ ಹೋಗುತ್ತದೆ. 40 ಡಿಗ್ರಿಯ ಸೆಕೆಯಲ್ಲಿ, ಫ್ಯಾನು ನಿಂತ ಕೋಣೆಯಲ್ಲಿ, ತೆರೆದ ಟ್ರೇಯಲ್ಲಿ ಅದನ್ನು ಇಟ್ಟು 30 ಹುಡುಗಿಯರನ್ನು ಸುತ್ತ ನಿಲ್ಲಿಸುವುದು ನನ್ನ ಮನಸ್ಸಿಗೆ ಒಪ್ಪಲಿಲ್ಲ. ಅವರಲ್ಲಿ ಇಬ್ಬರು ಮದುವೆಯಾದವರು, ಒಬ್ಬಳಿಗೆ ಆಗ ಐದು ತಿಂಗಳು.

ಇದರ ಬದಲಿಗೆ ನೀರಿನಲ್ಲೇ ಬಣ್ಣ ಹಚ್ಚುವ ಕ್ರಮ ಉಂಟು. ಕೂಮಾಸಿಯ ಜಿ-250 ಎಂಬ ಬಗೆಯನ್ನು ಒಂದು ಲೀಟರ್ ನೀರಿಗೆ 60ರಿಂದ 80 ಮಿಲಿಗ್ರಾಂ ಹಾಕಿ ಎರಡು ಗಂಟೆಗೂ ಹೆಚ್ಚು ಕಲಕಬೇಕು. ಆಮೇಲೆ 3 ಮಿಲಿಲೀಟರ್ ಗಾಢ ಹೈಡ್ರೋಕ್ಲೋರಿಕ್ ಆಸಿಡ್ ಸೇರಿಸಬೇಕು. ಆ ಆಸಿಡ್ ಸೇರಿಸುವ ಕೆಲಸ ಮಾತ್ರ ಅಧ್ಯಾಪಕರೇ ಕನ್ನಡಕ ಹಾಕಿ ಮಾಡಬೇಕು. ಜೆಲ್ ಅನ್ನು ಮೊದಲು ಬಿಸಿನೀರಿನಲ್ಲಿ ಎರಡು ಮೂರು ಸಲ ತೊಳೆದು ಸಾಬೂನು ತೆಗೆಯಬೇಕು. ಈ ತೊಳೆಯುವಿಕೆಯಲ್ಲಿ ಅವಸರ ಮಾಡಿದರೆ ಬಣ್ಣ ಸರಿಯಾಗಿ ಹಿಡಿಯುವುದಿಲ್ಲ. ಆಮೇಲೆ ಬಣ್ಣದಲ್ಲಿ ಮುಳುಗಿಸಿಟ್ಟರೆ ಸ್ವಲ್ಪ ಹೊತ್ತಿಗೇ ನೀಲಿ ಪಟ್ಟೆಗಳು ಮೂಡುತ್ತವೆ. ಮೆಥನಾಲ್ ಇಲ್ಲ, ಅಸಿಟಿಕ್ ಆಸಿಡ್ಡಿನ ಘಾಟು ಇಲ್ಲ. ಹೆಚ್ಚಿನ ಬಣ್ಣ ಇಳಿಸಲು ಬರೀ ನೀರು ಸಾಕು. ಆ ನೀರಿಗೆ ಬಿಳಿ ಉಣ್ಣೆಯ ನೂಲಿನ ಒಂದು ಗಂಟು ಹಾಕಿದರೆ ಬಿಟ್ಟ ಬಣ್ಣವನ್ನೆಲ್ಲ ಅದೇ ಹೀರಿಕೊಳ್ಳುತ್ತದೆ.

"ಪುಸ್ತಕದಲ್ಲಿ ಬೇರೆ ಉಂಟಲ್ಲ, ಪರೀಕ್ಷೆಗೆ ಬಂದವರು ಏನು ಹೇಳುತ್ತಾರೆ?" ಎಂಬ ಮಾತು ಬಂತು. ಜಗಳ ಮಾಡಲಿಲ್ಲ. ಒಂದೇ ತಿಳಿಯನ್ನು ಎರಡು ಜೆಲ್‌ನಲ್ಲಿ ಓಡಿಸಿ, ಒಂದಕ್ಕೆ ಹಳೆಯ ಬಣ್ಣ, ಒಂದಕ್ಕೆ ನೀರಿನ ಬಣ್ಣ ಹಚ್ಚಿ ಮೇಜಿನ ಮೇಲಿಟ್ಟೆವು. ಪಟ್ಟೆಗಳು ಒಂದೇ ಜಾಗದಲ್ಲಿದ್ದವು. ನೀರಿನದ್ದರಲ್ಲಿ ಹಿನ್ನೆಲೆ ಇನ್ನೂ ತಿಳಿಯಾಗಿತ್ತು. ಆಮೇಲೆ ಯಾರೂ ಮೆಥನಾಲ್ ತರಿಸಿ ಎನ್ನಲಿಲ್ಲ.

ಆ ವರ್ಷ ನೂಲು ತಂದಿದ್ದ ಹುಡುಗಿಯ ತಾಯಿ ಕಾಲೇಜಿಗೆ ಬಂದರು. ಮಗಳನ್ನು ಬಿಡಿಸಿಕೊಂಡು ಹೋಗಲಿಕ್ಕೆಂದೇ ಬಂದದ್ದು. ಲ್ಯಾಬಿನಲ್ಲಿ ವಿಷದ ಬಣ್ಣ ಮುಟ್ಟಿಸುತ್ತಾರೆ ಎಂದು ಯಾರೋ ಹೇಳಿದ್ದರು. ನಾನು ಟ್ರೇ ತೋರಿಸಿದೆ, ಏನೇನು ಹಾಕಿದ್ದೇವೆ ಎಂದು ಹೇಳಿದೆ. ಅವರು ಅದನ್ನೆಲ್ಲ ಕೇಳಿ ಒಂದೇ ಪ್ರಶ್ನೆ ಹಾಕಿದರು: "ಬಣ್ಣದ ನೀರು ಎಲ್ಲಿ ಬಿಡ್ತೀರಿ ಮೇಡಂ?"

ನೂಲಿಗೆ ಬಣ್ಣ ಹಾಕುವ ಮನೆಯವರು ಕೇಳುವ ಪ್ರಶ್ನೆ ಅದು. ಬಣ್ಣದ ನೀರು ಮೋರಿಗೆ ಹೋಗಿ, ಮೋರಿಯಿಂದ ಬಾವಿಗೆ ಇಳಿದರೆ ಏನಾಗುತ್ತದೆ ಎಂದು ಅವರಿಗೆ ಯಾವ ಪುಸ್ತಕವೂ ಹೇಳಿಕೊಡಬೇಕಾಗಿಲ್ಲ. ನಾನು ಉಣ್ಣೆಯ ಗಂಟು ತೋರಿಸಿದೆ. ಹಳೆಯ ಬಣ್ಣದ ನೀರಿಗೆ ಇದ್ದಿಲ ಪುಡಿ ಹಾಕಿ ತಿಳಿ ಮಾಡುವುದನ್ನು, ಹುಳಿಯನ್ನು ಅಡುಗೆಸೋಡ ಹಾಕಿ ಮುರಿಯುವುದನ್ನು, ಬಣ್ಣ ಹೀರಿದ ಇದ್ದಿಲನ್ನು ಬೇರೆ ಡಬ್ಬಿಯಲ್ಲಿ ಕಟ್ಟಿಡುವುದನ್ನು ತೋರಿಸಿದೆ. ಅವರು ಗಂಟನ್ನು ಚಿಮಟದಿಂದ ಎತ್ತಿ ಬೆಳಕಿಗೆ ಹಿಡಿದು ನೋಡಿದರು. "ಬಣ್ಣ ಗಟ್ಟಿ ಅದ" ಎಂದರು. ಮಗಳು ಪದವಿ ಮುಗಿಸಿದಳು.

ಇನ್ನೊಂದು ವಸ್ತುವಿನ ಬಗ್ಗೆಯೂ ಹೇಳಬೇಕು, ಯಾಕೆಂದರೆ ಹೆದರಿಕೆಯ ಮಾತು ಹೆಚ್ಚಾಗಿ ಅದರಿಂದಲೇ ಹುಟ್ಟುತ್ತದೆ. ಡಿಎನ್‌ಎ ಜೆಲ್‌ಗೆ ಬಳಸುವ ಎಥಿಡಿಯಂ ಬ್ರೋಮೈಡ್. ಅದು ಡಿಎನ್‌ಎಯ ಮೆಟ್ಟಿಲುಗಳ ನಡುವೆ ನುಸುಳಿ ಕೂತು ಅತಿನೇರಳೆ ಬೆಳಕಿನಲ್ಲಿ ಹೊಳೆಯುತ್ತದೆ. ನುಸುಳುವ ಗುಣ ಇರುವುದರಿಂದಲೇ ಅದರ ಮೇಲೆ ಸಂಶಯ. ಬ್ಯಾಕ್ಟೀರಿಯಾದ ಮೇಲೆ ಮಾಡುವ ಏಮ್ಸ್ ಪರೀಕ್ಷೆಯಲ್ಲಿ, ಯಕೃತ್ತಿನ ಸಾರ ಬೆರೆಸಿದಾಗ, ಅದು ವಂಶವಾಹಿಯಲ್ಲಿ ಬದಲಾವಣೆ ತರುತ್ತದೆ. ಇದೇ ವಸ್ತುವಿನ ಜಾತಿಯದನ್ನು ಆಫ್ರಿಕಾದಲ್ಲಿ ದನಗಳ ರೋಗಕ್ಕೆ ಮದ್ದಾಗಿ ಚುಚ್ಚಿದ್ದೂ ಉಂಟು. ಹಾಗಾಗಿ ಹೆಸರು ಕೇಳಿದ ಕೂಡಲೇ ಓಡಬೇಕಾಗಿಲ್ಲ. ಆದರೆ ಬದಲಿ ಇರುವಾಗ ಕಲಿಯುವ ಮಕ್ಕಳ ಕೈಗೆ ಅದನ್ನು ಕೊಡಬೇಕಾಗಿಯೂ ಇಲ್ಲ. ಸೈಬರ್ ಸೇಫ್, ಜೆಲ್‌ರೆಡ್ ಎಂಬ ಬಣ್ಣಗಳು ಬಂದಿವೆ. ಜೆಲ್‌ರೆಡ್‌ನ ಅಣು ಜೀವಕೋಶದ ಪೊರೆ ದಾಟದಷ್ಟು ದೊಡ್ಡದಾಗಿ ಮಾಡಿದ್ದು. ಹಣ ಇಲ್ಲದ ಕಾಲೇಜಿಗೆ ಮೆಥಿಲೀನ್ ಬ್ಲೂ ಉಂಟು. ಪಟ್ಟೆ ಸ್ವಲ್ಪ ಮಸುಕು, ಡಿಎನ್‌ಎ ಹೆಚ್ಚು ಹಾಕಬೇಕು, ಆದರೆ ಮಾಮೂಲಿ ಬೆಳಕಿನಲ್ಲೇ ಕಾಣುತ್ತದೆ. ಕಣ್ಣು ಸುಡುವ ಅತಿನೇರಳೆ ದೀಪವೇ ಬೇಡ.

ಸೇಫ್ ಎಂದು ಹೆಸರಿದ್ದ ಮಾತ್ರಕ್ಕೆ ಬರಿಗೈಯಲ್ಲಿ ಮುಟ್ಟಬಾರದು. ಅಂಥ ಬಣ್ಣಗಳಲ್ಲಿ ಕೆಲವು ಡಿಎಂಎಸ್‌ಒ ಎಂಬ ದ್ರವದಲ್ಲಿ ಕರಗಿ ಬರುತ್ತವೆ. ಅದು ಚರ್ಮದ ಮೂಲಕ ಸುಲಭವಾಗಿ ಒಳಗೆ ಇಳಿಯುತ್ತದೆ. ಗ್ಲೌಸ್ ಆಗಲೂ ಬೇಕು.

ಮಗಳನ್ನು ಸೇರಿಸುವ ಮುಂಚೆ ಕಾಲೇಜಿಗೆ ಒಮ್ಮೆ ಹೋಗಿ ಬನ್ನಿ ಎಂದು ನಾನು ಉಮ್ಮಂದಿರಿಗೆ ಹೇಳುವುದು. ಲ್ಯಾಬ್ ತೋರಿಸಿ ಎಂದು ಕೇಳಿ. ಕೇಳಿದರೆ ಬೇಸರ ಪಡುವ ಕಾಲೇಜು ಅಲ್ಲಿಯೇ ಅರ್ಧ ಉತ್ತರ ಕೊಟ್ಟಿತು. ಜೆಲ್‌ಗೆ ಯಾವ ಬಣ್ಣ, ಅದು ಮೆಥನಾಲ್‌ನಲ್ಲೋ ನೀರಿನಲ್ಲೋ, ಡಿಎನ್‌ಎಗೆ ಎಥಿಡಿಯಂ ಬಿಟ್ಟು ಬೇರೆ ಉಂಟಾ, ಅಕ್ರಿಲಮೈಡ್ ಪುಡಿಯೋ ದ್ರಾವಣವೋ, ಗ್ಲೌಸ್ ಕಾಲೇಜು ಕೊಡುತ್ತದೋ ನಾವೇ ತರಬೇಕೋ, ಬಣ್ಣದ ನೀರು ಎಲ್ಲಿಗೆ ಹೋಗುತ್ತದೆ. ಇಷ್ಟು ಕೇಳಲು ವಿಜ್ಞಾನ ಓದಿರಬೇಕಾಗಿಲ್ಲ.

ಹುಡುಗಿಯರಿಗೂ ಒಂದೆರಡು ಮಾತು. ಲ್ಯಾಬಿಗೆ ಹೋಗುವ ದಿನ ಹತ್ತಿಯ ಶಿರವಸ್ತ್ರ ಹಾಕಿ. ಪಾಲಿಯೆಸ್ಟರ್ ಬೆಂಕಿ ತಾಗಿದರೆ ಕರಗಿ ಚರ್ಮಕ್ಕೆ ಅಂಟುತ್ತದೆ. ಅದರ ತುದಿಯನ್ನು ಕೋಟಿನ ಒಳಗೆ ಸೇರಿಸಿ, ಟ್ರೇಗೆ ಅದ್ದದ ಹಾಗೆ, ಬರ್ನರಿಗೆ ತಾಗದ ಹಾಗೆ. ಉಪವಾಸದ ತಿಂಗಳಲ್ಲಿ ಮಧ್ಯಾಹ್ನದ ಪ್ರಾಕ್ಟಿಕಲ್ ಇದ್ದರೆ, ತಲೆ ತಿರುಗಿದಂತಾದ ಕೂಡಲೇ ಹೊರಗೆ ಬಂದು ಕೂರಿ. ಅಧ್ಯಾಪಕರು ಏನಾದರೂ ಅಂದುಕೊಳ್ಳುತ್ತಾರೆ ಎಂದು ಸುಮ್ಮನೆ ನಿಲ್ಲಬೇಡಿ. ಮದುವೆಯಾದ ಮೇಲೆ ಓದು ಮುಂದುವರಿಸುವವರು ಬಸಿರಾದರೆ, ನಾಚಿಕೆ ಬಿಟ್ಟು, ಮೊದಲ ವಾರದಲ್ಲೇ ಲ್ಯಾಬಿನ ಮೇಡಂಗೆ ಹೇಳಿ. ಹೊಟ್ಟೆ ಕಾಣಿಸುವವರೆಗೆ ಕಾಯಬೇಡಿ, ಮೊದಲ ಮೂರು ತಿಂಗಳೇ ಹೆಚ್ಚು ಜಾಗ್ರತೆ ಬೇಕಾದದ್ದು. ನಮ್ಮ ತರಗತಿಯ ಆ ಐದು ತಿಂಗಳಿನವಳು ಜೆಲ್ ಎರಕ ಹೊಯ್ಯುವ ದಿನ ಲೈಸೋಜೈಮ್ ಮೇಜಿನಲ್ಲಿ ಕೂತು ಗುಳ್ಳೆ ಪರೀಕ್ಷೆ ಮಾಡಿದಳು, ಪಟ್ಟೆ ಅಳೆದು ಲೆಕ್ಕ ಬರೆದಳು. ಅಂಕ ಒಂದೂ ಕಡಿಮೆಯಾಗಲಿಲ್ಲ.

ಈ ಪ್ರಶ್ನೆಗಳನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ. ಕಾಲೇಜಿನವರು ಹೇಳಿದ ಹೆಸರು ಅರ್ಥವಾಗದಿದ್ದರೆ ಬಾಟಲಿಯ ಮೇಲಿನ ಚೀಟಿಯ ಫೋಟೋ ತೆಗೆದು ಕಳಿಸಿ. ನೋಡಿ ಹೇಳುತ್ತೇನೆ.